ಮೂಳೆಗೂ ಒಂದು ಹೆಸರು

2024ರ ನವೆಂಬರಿನಲ್ಲಿ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಯಾವುದೋ ಪತ್ರಿಕೆಯ ಪುರವಣಿಯಿಂದ ಕತ್ತರಿಸಿದ ಚಿತ್ರವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ನೋಡಿದರೆ ತಲೆಬುರುಡೆ! ಕಣ್ಣಿನ ಗುಳಿಗಳ ಸುತ್ತ ಹೂವಿನ ಎಸಳು, ಕೆನ್ನೆಯ ಮೇಲೆ ಹಸಿರು ಬಳ್ಳಿ, ಹಣೆಯ ಮೇಲೆ ಬಣ್ಣದ ಅಕ್ಷರಗಳಲ್ಲಿ ಯಾರದೋ ಹೆಸರು. “ಮಿಸ್, ಇದು ಸಕ್ಕರೇದಂತೆ. ಮೆಕ್ಸಿಕೋದಲ್ಲಿ ಸತ್ತೋರ ಹಬ್ಬಕ್ಕೆ ಮಾಡ್ತಾರಂತೆ. ಆಮೇಲೆ ಮಕ್ಕಳು ತಿಂತಾರಂತೆ. ಅವರಿಗೆ ಹೆದರಿಕೆ ಆಗಲ್ವಾ?” ಎಂದಳು.

ಸ್ಟಾಫ್ ರೂಮಿನಲ್ಲಿ ಅದನ್ನು ಕಂಡ ಗೆಳತಿಯೊಬ್ಬರು “ಶಿವಶಿವಾ, ಬೆಳಬೆಳಗ್ಗೆ ಇದೇನ್ರೀ ಅಪಶಕುನ” ಎಂದು ಮುಖ ತಿರುಗಿಸಿದರು. ನಾನು ನಕ್ಕು ಚಿತ್ರವನ್ನು ಹಾಜರಿ ಪುಸ್ತಕದೊಳಗೆ ಸೇರಿಸಿಬಿಟ್ಟೆ. ಹುಡುಗಿಗೆ ಅಂದು ಉತ್ತರ ಹೇಳಲಿಲ್ಲ. ಉತ್ತರ ಗೊತ್ತಿರಲಿಲ್ಲ ಎಂಬುದಕ್ಕಿಂತ, ಆ ಪ್ರಶ್ನೆ ನನ್ನ ಮನೆಯೊಳಗಿನ ಒಂದು ಹಳೆಯ ಗಾಯವನ್ನು ಮುಟ್ಟಿತ್ತು ಎಂಬುದೇ ನಿಜ.

ಮೆಕ್ಸಿಕೋ ದೇಶದಲ್ಲಿ ನವೆಂಬರ್ 1 ಮತ್ತು 2ರಂದು ಸತ್ತವರ ದಿನಗಳು. ತೀರಿಕೊಂಡ ಮಕ್ಕಳಿಗೆ ಮೊದಲ ದಿನ, ದೊಡ್ಡವರಿಗೆ ಎರಡನೆಯ ದಿನ. ಮನೆಯಲ್ಲಿ ಒಂದು ಮೇಜಿನ ಮೇಲೆ ಅವರ ಪಟವಿಟ್ಟು, ದೀಪ ಹಚ್ಚಿ, ನೀರಿಟ್ಟು, ಅವರಿಗೆ ಇಷ್ಟವಾಗಿದ್ದ ತಿನಿಸುಗಳನ್ನೆಲ್ಲ ಬಡಿಸುತ್ತಾರೆ. ಸಮಾಧಿಗಳನ್ನು ತೊಳೆದು ಹೂವು ಹರಡಿ, ಎಷ್ಟೋ ಊರುಗಳಲ್ಲಿ ರಾತ್ರಿಯೆಲ್ಲ ಅಲ್ಲೇ ಕೂತು ಮಾತಾಡುತ್ತಾರೆ, ಹಾಡುತ್ತಾರೆ. 2008ರಲ್ಲಿ ಯುನೆಸ್ಕೋ ಈ ಆಚರಣೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಓದುತ್ತಾ ಹೋದಂತೆ ನನಗೆ ಇದು ದೂರದ ದೇಶದ ಸಂಗತಿ ಎನ್ನಿಸಲೇ ಇಲ್ಲ. ನಮ್ಮಲ್ಲಿ ಕೆಲವರು ಮಹಾಲಯ ಅಮಾವಾಸ್ಯೆಗೆ, ಕೆಲವರು ದೀಪಾವಳಿಗೆ ಹಿರಿಯರಿಗೆ ಎಡೆ ಇಡುವುದು ಬೇರೆ ಇನ್ನೇನು? ಅಜ್ಜನಿಗೆ ಪಂಚೆ, ಅಜ್ಜಿಗೆ ಸೀರೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ, ಎಲೆಅಡಿಕೆ ಹಾಕುತ್ತಿದ್ದವರಿಗೆ ಎಲೆಅಡಿಕೆ! ಅವರು ದಾರಿಯುದ್ದಕ್ಕೂ ಹರಡುವ ಹೂವೂ ನಮ್ಮ ಚೆಂಡುಹೂವೇ. ಹಿರಿಯೂರು ಕಡೆಯ ಹೊಲಗಳಲ್ಲಿ ನಾವು ನೋಡುವ ಆ ಹೂವಿನ ತವರು ಮೆಕ್ಸಿಕೋ; ಪೋರ್ಚುಗೀಸರ ಕಾಲದಲ್ಲಿ ಕಡಲು ದಾಟಿ ಬಂದು ನಮ್ಮ ಆಯುಧಪೂಜೆಯ ಹೂವಾಗಿಬಿಟ್ಟಿದೆ. ಇನ್ನು ಸಕ್ಕರೆಯ ಬುರುಡೆಯೋ, ಸಂಕ್ರಾಂತಿಗೆ ನಾವು ಮಾಡುವ ಸಕ್ಕರೆ ಅಚ್ಚಿನ ಹಾಗೆಯೇ. ಪಾಕದ ಕೆಲಸ, ಅಚ್ಚಿನ ಕೆಲಸ. ನಮ್ಮ ಅಚ್ಚಿನಲ್ಲಿ ಗಿಣಿ, ತುಳಸಿಕಟ್ಟೆ ಇರುತ್ತವೆ. ಅವರ ಅಚ್ಚಿನಲ್ಲಿ ಬುರುಡೆ ಇರುತ್ತದೆ.

ಎಲ್ಲವೂ ಒಂದೇ, ಮೂಳೆಯೊಂದನ್ನು ಬಿಟ್ಟು. ನಾವು ಮುಖವನ್ನು ಗೋಡೆಗೆ ತೂಗುಹಾಕುತ್ತೇವೆ, ಮೂಳೆಯನ್ನು ನೀರಿಗೆ ಬಿಡುತ್ತೇವೆ ಅಥವಾ ಮಣ್ಣಿಗೆ ಕೊಡುತ್ತೇವೆ. ಕೊಟ್ಟ ಮೇಲೆ ತಿರುಗಿ ನೋಡಬಾರದು ಎನ್ನುತ್ತೇವೆ.

ಹಾಗಾದರೆ ನಮ್ಮವರು ಮೂಳೆಯನ್ನು ಕಣ್ಣೆತ್ತಿ ನೋಡಲೇ ಇಲ್ಲವೇ? ಹಾಸನದ ಹತ್ತಿರ ದೊಡ್ಡಗದ್ದವಳ್ಳಿಯಲ್ಲಿ, ವಿಷ್ಣುವರ್ಧನನ ಕಾಲದಲ್ಲಿ ವರ್ತಕನೊಬ್ಬ ತನ್ನ ಹೆಂಡತಿ ಸಹಜಾದೇವಿಯೊಡನೆ ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿಯಿದೆ. ಅದರ ಕಾಳಿಯ ಗುಡಿಯ ಮುಂದೆ ಎರಡು ಬೇತಾಳಗಳು ನಿಂತಿವೆ. ಪಕ್ಕೆಲುಬು ಎಣಿಸಬಹುದಾದ ಬರೀ ಎಲುಬಿನ ಗೂಡುಗಳು. ಪ್ರವಾಸಕ್ಕೆ ಕರೆದೊಯ್ದ ಮಕ್ಕಳು ಮೊದಲು ಕಿರುಚಿ, ಆಮೇಲೆ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದರು. ಶಿವನ ಮುಂದೆ ಕುಣಿಯುವ ಭೃಂಗಿಯೂ ಅಸ್ಥಿಪಂಜರವೇ. ಶಿವನಿಗಷ್ಟೇ ಪ್ರದಕ್ಷಿಣೆ, ಪಾರ್ವತಿಗೆ ಇಲ್ಲ ಎಂದು ಹಠ ಹಿಡಿದವನು ಅವನು. ಮೈಯ ರಕ್ತಮಾಂಸ ತಾಯಿಯ ಪಾಲು, ಎಲುಬು ತಂದೆಯ ಪಾಲು. ನನ್ನ ಪಾಲನ್ನು ನನಗೆ ಕೊಡು ಎಂದಳು ಪಾರ್ವತಿ. ನಿಲ್ಲಲೂ ತ್ರಾಣವಿಲ್ಲದೆ ಎಲುಬಾಗಿ ಉಳಿದವನಿಗೆ ಶಿವ ಮೂರನೆಯ ಕಾಲು ಕೊಟ್ಟನಂತೆ. ತಾಯಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದವನ ಗತಿ ಇದು ಎಂದು ನಾನು ತರಗತಿಯಲ್ಲಿ ಹೇಳಿದಾಗ ಹುಡುಗಿಯರು ಚಪ್ಪಾಳೆ ತಟ್ಟಿದ್ದರು.

ನಮ್ಮ ಚಿತ್ರದುರ್ಗದ ಬೆಟ್ಟದ ಮೇಲಿನ ಹಿಡಿಂಬೇಶ್ವರನ ಗುಡಿಯಲ್ಲಿ ಮೂಳೆಯ ತುಂಡೊಂದನ್ನು ಹಿಡಿಂಬಾಸುರನ ಹಲ್ಲು ಎಂದು ತೋರಿಸುತ್ತಿದ್ದುದನ್ನು ಬ್ರಿಟಿಷರ ಕಾಲದ ಗೆಜೆಟಿಯರಿನವರೂ ಬರೆದಿಟ್ಟಿದ್ದಾರೆ. ರಾಕ್ಷಸನ ಮೂಳೆಗೂ ನಮ್ಮೂರು ಒಂದು ಹೆಸರು, ಒಂದು ಜಾಗ ಕೊಟ್ಟಿದೆ.

ಇನ್ನೂ ಹಿಂದಕ್ಕೆ ಹೋದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಇದೆ. ಅಶೋಕನ ಶಾಸನಕ್ಕೆ ಹೆಸರಾದ ಈ ಜಾಗದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದು ನೋಡಿದಾಗ ಎರಡು ಬಗೆಯ ಗೋರಿಗಳು ಸಿಕ್ಕವು. ಕಬ್ಬಿಣದ ಕಾಲದ ಜನ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ ಪೆಟ್ಟಿಗೆಯಂಥ ಕೋಣೆ ಕಟ್ಟಿ, ಒಂದು ಚಪ್ಪಡಿಗೆ ದುಂಡನೆಯ ಕಿಂಡಿ ಕೊರೆದು, ಒಳಗೆ ಮೂಳೆಗಳನ್ನು ಇಟ್ಟಿದ್ದರು. ದೇಹವನ್ನಲ್ಲ, ಮಾಂಸ ಕಳೆದ ಮೇಲೆ ಆಯ್ದು ತಂದ ಮೂಳೆಗಳನ್ನು. ಒಂದೊಂದು ಕೋಣೆಯಲ್ಲಿ ಹಲವರ ಮೂಳೆ, ಜೊತೆಗೆ ಮಡಕೆ ಕುಡಿಕೆಗಳು. ಅದಕ್ಕೂ ಹಿಂದಿನ ಕಲ್ಲಿನ ಕೊಡಲಿಯ ಕಾಲದವರು ಎಳೆಯ ಮಕ್ಕಳನ್ನು ಗಡಿಗೆಯಲ್ಲಿ ಮಡಚಿ ಮಲಗಿಸಿ, ತಾವು ಬಾಳುತ್ತಿದ್ದ ಜಾಗದಲ್ಲೇ ಹೂತಿದ್ದರು. ಆ ಗಡಿಗೆಯ ವಿಷಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾವಳೋ ತಾಯಿ ಆ ಮಣ್ಣಿನ ಮೇಲೆಯೇ ಓಡಾಡಿ, ಒಲೆ ಹಚ್ಚಿ, ಮುಂದಿನ ಮಗುವನ್ನು ಹೆತ್ತಿರಬೇಕಲ್ಲ!

ಈಗ ನನ್ನ ಗಾಯದ ಮಾತು. 2016ರ ಬೇಸಿಗೆಯಲ್ಲಿ ಹಿರಿಯೂರಿನಲ್ಲಿ ನನ್ನ ತಾಯಿ ತೀರಿಕೊಂಡರು. ನಮ್ಮ ಮನೆತನದಲ್ಲಿ ಸುಡುವ ಪದ್ಧತಿ. ಹೆಣ್ಣುಮಕ್ಕಳು ಬಾಗಿಲವರೆಗೆ ಮಾತ್ರ. ಮೂರನೆಯ ದಿನ ಹೊಸದುರ್ಗದಿಂದ ಬಂದಿದ್ದ ತಮ್ಮ ಅಸ್ಥಿ ಆರಿಸಲು ಹೊರಟಾಗ ನಾನೂ ಬರುತ್ತೇನೆ ಎಂದೆ. ಕೊನೆಯ ಎರಡು ವರ್ಷ ಆಕೆಯ ಮೈ ಒರೆಸಿದವಳು, ಬೆನ್ನಿನ ಹುಣ್ಣಿಗೆ ಔಷಧ ಹಚ್ಚಿದವಳು ನಾನು. ಆ ಬೆನ್ನೆಲುಬಿನ ಒಂದೊಂದು ಗಂಟೂ ನನ್ನ ಬೆರಳಿಗೆ ಗೊತ್ತಿತ್ತು. ತಮ್ಮ ಏನೂ ಹೇಳಲಿಲ್ಲ. ಅಡ್ಡ ನಿಂತವರು ಹೊಳಲ್ಕೆರೆಯಿಂದ ಬಂದಿದ್ದ ದೊಡ್ಡಮ್ಮ, ಅಮ್ಮನ ಅಕ್ಕ. “ಹೆಣ್ಮಕ್ಳು ಮೂಳೆ ನೋಡಬಾರ್ದು. ನಾನು ಬದುಕಿರೋವರ್ಗೂ ಬಿಡಲ್ಲ” ಎಂದು ಬಾಗಿಲಿಗೆ ಕೈ ಅಡ್ಡ ಇಟ್ಟರು. ನೆಂಟರೆಲ್ಲ ನೋಡುತ್ತಿದ್ದರು. ನಾನು ಬಿ.ಎಡ್. ಓದಿದವಳು, ಅವರು ನಾಲ್ಕನೇ ಕ್ಲಾಸು. ನನ್ನ ಬಾಯಿಂದ ಆಡಬಾರದ ಮಾತು ಬಂತು. “ಮಕ್ಕಳಿಲ್ಲದವರಿಗೆ ಮಕ್ಕಳ ಸಂಕಟ ಹೇಗೆ ಗೊತ್ತಾಗುತ್ತೆ” ಎಂದುಬಿಟ್ಟೆ. ಅವರು ಕೈ ತೆಗೆದರು. ಆದರೆ ನಾನೂ ಹೋಗಲಿಲ್ಲ. ಅಂದಿನಿಂದ ಏಳು ವರ್ಷ ನಮ್ಮಿಬ್ಬರಿಗೂ ಮಾತಿಲ್ಲ.

ಆ ಏಳು ವರ್ಷವೂ ನನ್ನ ಮನಸ್ಸಿನಲ್ಲಿ ಒಂದೇ ವಾದ. ಹೆಣ್ಣು ಹೆರಬಹುದು, ಸಾಯುವವರ ಸೇವೆ ಮಾಡಬಹುದು, ಆದರೆ ಉಳಿದ ಹಿಡಿ ಮೂಳೆಯನ್ನು ಮಾತ್ರ ನೋಡಬಾರದು. ಇದು ಯಾವ ನ್ಯಾಯ? ಈ ವಾದ ಸರಿಯೆಂದೇ ನಾನು ಈಗಲೂ ನಂಬುತ್ತೇನೆ. ಆದರೆ ಸರಿಯಾದ ವಾದವೊಂದು ಕೈಯಲ್ಲಿದ್ದರೆ ಮನುಷ್ಯರು ಎದುರಿಗಿರುವವರ ಮಾತು ಕೇಳುವುದನ್ನೇ ನಿಲ್ಲಿಸುತ್ತಾರೆ. ಅದು ನನ್ನಂಥ ಪಾಠ ಹೇಳುವವರಿಗೆ ಬೇಗ ಹತ್ತುವ ರೋಗ.

2023ರ ಡಿಸೆಂಬರಿನ ಕೊನೆಯ ವಾರ ನಮ್ಮ ಚಿತ್ರದುರ್ಗ ಇಡೀ ರಾಜ್ಯದ ಬಾಯಿಗೆ ಬಿತ್ತು. ನಿಮಗೂ ನೆನಪಿರಬಹುದು. ಊರೊಳಗಿನ ಮನೆಯೊಂದರಲ್ಲಿ ಐದು ಅಸ್ಥಿಪಂಜರಗಳು ಸಿಕ್ಕವು. ಒಂದೇ ಕುಟುಂಬದವರು. 2019ರಿಂದ ಅವರನ್ನು ಯಾರೂ ಕಂಡಿರಲಿಲ್ಲವೆಂದು, ಗೋಡೆಯ ಕ್ಯಾಲೆಂಡರು ಆ ವರ್ಷದ ಜೂನ್ ತಿಂಗಳಿಗೇ ನಿಂತಿತ್ತೆಂದು ಪತ್ರಿಕೆಗಳಲ್ಲಿ ಬಂತು. ಯಾರು ಯಾರೆಂದು ಗುರುತಿಸಲು ಮೂಳೆಗಳು ಪರೀಕ್ಷೆಗೆ ಹೋಗಬೇಕಾಯಿತು. ಅವರ ಮನೆಯ ಕಷ್ಟ ಏನಿತ್ತೋ, ಅದನ್ನು ಕೆದಕುವುದು ನನ್ನ ಕೆಲಸವಲ್ಲ. ಆಗ ಟಿ.ವಿ.ಯವರು ಸಾಕಷ್ಟು ಕೆದಕಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಲೆಕ್ಕ. ಐದು ಮಹಾಲಯ ಅಮಾವಾಸ್ಯೆ, ಐದು ದೀಪಾವಳಿ, ನಾಲ್ಕು ಸಂಕ್ರಾಂತಿ. ನಾವೆಲ್ಲ ಹಿರಿಯರಿಗೆ ಎಡೆ ಇಟ್ಟೆವು, ಎಳ್ಳುಬೆಲ್ಲ ಹಂಚಿದೆವು. ಅದೇ ಊರಿನಲ್ಲಿ ಐವರು ನೆಲದ ಮೇಲೆ ಮೂಳೆಯಾಗುತ್ತಿದ್ದರು. ಬಾಗಿಲು ತಟ್ಟಿದ ಕೈ ಇರಲಿಲ್ಲ.

“ಎಂಥಾ ಕಲ್ಲು ಮನಸ್ಸಿನ ನೆಂಟರಪ್ಪಾ” ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಮಾತಾಡಿಕೊಂಡರು. ನಾನೂ ಹಾಗೆಯೇ ಅಂದೆ. ಅಂದ ಗಳಿಗೆಯಲ್ಲೇ ಹೊಳಲ್ಕೆರೆಯ ಮನೆ ಕಣ್ಣ ಮುಂದೆ ಬಂತು. ದೊಡ್ಡಪ್ಪ ಹೋಗಿ ಇಪ್ಪತ್ತು ವರ್ಷ. ಸಾಕುಮಗ ಬೆಂಗಳೂರಿನಲ್ಲಿ. ಎಂಬತ್ತು ದಾಟಿದ ಮುದುಕಿ ಒಂಟಿ. ಕೊನೆಯದಾಗಿ ಆಕೆಯ ಸುದ್ದಿ ನನಗೆ ಸಿಕ್ಕಿದ್ದು ಯಾವಾಗ? ನೆನಪಾಗಲಿಲ್ಲ.

ಜನವರಿಯ ಮೊದಲ ಭಾನುವಾರ ಬಸ್ಸು ಹತ್ತಿದೆ. ಹೊಳಲ್ಕೆರೆಯ ಆ ಬೀದಿಯಲ್ಲಿ ಬಾಗಿಲು ಹಾಕಿತ್ತು. ಮೂರು ಸಲ ಚಿಲಕ ಬಡಿದೆ. ಒಳಗಿಂದ ಸದ್ದೇ ಇಲ್ಲ. ಆ ಎರಡು ನಿಮಿಷದಲ್ಲಿ ನನ್ನ ಮೈಯೆಲ್ಲ ತಣ್ಣಗಾಗಿದ್ದನ್ನು ನಾನು ಸಾಯುವತನಕ ಮರೆಯಲಾರೆ. ಆಮೇಲೆ ಕೋಲಿನ ಸದ್ದು ಕೇಳಿಸಿತು. ಬಾಗಿಲು ತೆರೆದ ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿ, “ಏನೇ, ಸತ್ತಿದೀನಾ ಅಂತ ನೋಡಾಕೆ ಬಂದ್ಯಾ?” ಎಂದರು.

“ಹೂಂ ದೊಡ್ಡಮ್ಮ” ಎಂದೆ. ಸುಳ್ಳು ಹೇಳಲು ಆಗಲಿಲ್ಲ.

“ಇನ್ನೂ ಇಲ್ಲ. ಒಳಗೆ ಬಾ, ಕಾಫಿ ಕುಡಿ.”

ಅವರು ಕ್ಷಮೆ ಕೇಳಲು ಬಿಡಲಿಲ್ಲ. ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟರು. ಸಂಜೆ ಹೊರಡುವ ಹೊತ್ತಿಗೆ, ನಾನು ಕೇಳದೆಯೇ, ಗೋಡೆಯ ಕಡೆ ನೋಡುತ್ತಾ ಹೇಳಿದರು. “ನಂಗೆ ಮಕ್ಕಳಿಲ್ಲ ಅಂದ್ಯಲ್ಲ ಅವತ್ತು. ಒಂದು ಇತ್ತು ಕಣೆ. ಹೆಣ್ಣು. ಏಳು ತಿಂಗಳಿಗೆ ಹೋಯ್ತು. ನೀನಿನ್ನೂ ಹುಟ್ಟಿರ್ಲಿಲ್ಲ. ಎಳೇ ಮಗೂನ ಸುಡಲ್ವಲ್ಲ, ತ್ವಾಟದ ಬದೀಗೆ ಮಣ್ಣು ಮಾಡಿದ್ರು. ಎಷ್ಟೋ ವರ್ಷ ಆದ್ಮೇಲೆ ಅಡಿಕೆ ಗಿಡಕ್ಕೆ ಗುಣಿ ತೆಗೀವಾಗ ಆಳು ಕೂಗ್ದ. ಹೋಗಿ ನೋಡ್ದೆ. ಇಷ್ಟೇ ಇಷ್ಟು ಇತ್ತು ಮೂಳೆ, ಕಡ್ಡಿ ಹಂಗೆ. ಅವತ್ತಿಂದ ಮಗೂ ಮುಖ ಕಣ್ಣಿಗೆ ಬರಲ್ಲ ಕಣೆ. ಎಷ್ಟು ನೆನೆಸ್ಕೊಂಡ್ರೂ ಆ ಮೂಳೆನೇ ಬರ್ತತೆ. ನಿಂಗೂ ನಿಮ್ಮಮ್ಮನ ಮುಖ ಹೋಗ್ಬಾರ್ದು ಅಂತ ಬಾಗ್ಲಿಗೆ ಕೈ ಅಡ್ಡ ಇಟ್ಟೆ.”

ನಾನು ಶಾಸ್ತ್ರವೆಂದು ತಿಳಿದದ್ದು ಶಾಸ್ತ್ರವಾಗಿರಲಿಲ್ಲ. ಅದು ಅವರೊಬ್ಬರ ಸಂಕಟವಾಗಿತ್ತು. ಆ ಮಗುವಿನ ಪಟ ಇರಲಿಲ್ಲ. ಅದರ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎಳೆಗೂಸಿಗೆ ತಿಥಿಯಿಲ್ಲ, ಎಡೆಯಿಲ್ಲ. ಅಂಥ ಮಗುವಿನ ಒಂದು ಮೂಳೆ ಮೇಲೆದ್ದು ಬಂದಾಗ ಆ ತಾಯಿಯ ಹತ್ತಿರ ಅದಕ್ಕೆ ತೊಡಿಸಲು ಏನೂ ಇರಲಿಲ್ಲ.

ಇಲ್ಲಿಗೆ ಬಂದಾಗ ನನಗೆ ಹುಡುಗಿಯ ಚಿತ್ರದ ಅರ್ಥ ತಿಳಿಯತೊಡಗಿತು. ಮೆಕ್ಸಿಕೋದವರು ಮೂಳೆಯನ್ನು ಮೂಳೆಯಾಗಿ ನೋಡುವಷ್ಟು ಧೈರ್ಯವಂತರು ಎಂದುಕೊಂಡಿದ್ದೆ. ಅಷ್ಟು ಸುಲಭವಲ್ಲ ಅದು. ಅವರು ಬುರುಡೆಗೆ ಹೂವು ಮುಡಿಸುತ್ತಾರೆ, ಸಕ್ಕರೆಯ ಸಿಹಿ ಕೊಡುತ್ತಾರೆ, ಹಣೆಯ ಮೇಲೆ ಹೆಸರು ಬರೆಯುತ್ತಾರೆ. ಒಂದು ಬುರುಡೆಗೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೆಸರು ಬರೆದ ಕೂಡಲೇ ಅದು ಯಾರದೋ ಅಮ್ಮ, ಯಾರದೋ ಮಗು. ನಾವು ಪಟ ತೂಗುಹಾಕಿ ಮಾಡುವುದೂ ಇದನ್ನೇ. ಹೆದರಿಕೆ ಇರುವುದು ಮೂಳೆಯಲ್ಲಲ್ಲ. ಇದು ಯಾರದೆಂದು ಹೇಳುವವರೇ ಇಲ್ಲವಲ್ಲ, ಅದರಲ್ಲಿ.

ಆ ದೇಶದಲ್ಲೇ ಇದಕ್ಕೆ ಒಂದು ಸಾಕ್ಷಿಯಿದೆ. ದೊಡ್ಡ ಹೂವಿನ ಟೋಪಿ ತೊಟ್ಟ ಶ್ರೀಮಂತ ಹೆಂಗಸಿನ ಅಸ್ಥಿಪಂಜರದ ಚಿತ್ರವನ್ನು ನೀವೂ ಎಲ್ಲಾದರೂ ಕಂಡಿರಬಹುದು. ಅದನ್ನು ಮೊದಲು ಕೊರೆದು ಅಚ್ಚುಮಾಡಿದವನು ಹೊಸೆ ಗ್ವಾದಲೂಪೆ ಪೊಸಾದ ಎಂಬ ಚಿತ್ರಕಾರ. ಎಷ್ಟು ಒಡವೆ ಹೇರಿಕೊಂಡರೂ ಒಳಗಿರುವುದು ಇದೇ ಎಂದು ಉಳ್ಳವರನ್ನು ಹಾಸ್ಯ ಮಾಡಿದವನು. 1913ರಲ್ಲಿ ಆತ ಬಡತನದಲ್ಲಿ ಸತ್ತ. ಬಡವರ ಗುಂಡಿಯಲ್ಲಿ ಹೂತರು. ಕೆಲವು ವರ್ಷಗಳ ನಂತರ ಕೇಳುವವರಿಲ್ಲದೆ ಅವನ ಮೂಳೆಗಳನ್ನು ತೆಗೆದು ಸಾಮೂಹಿಕ ಗುಂಡಿಗೆ ಹಾಕಿದರಂತೆ. ಜಗತ್ತಿಗೆಲ್ಲ ಬುರುಡೆಯನ್ನು ನಗಿಸಿ ತೋರಿಸಿದವನ ಬುರುಡೆ ಯಾವುದೆಂದು ಇಂದು ಯಾರಿಗೂ ತಿಳಿಯದು. ಸತ್ತವರನ್ನು ಅಷ್ಟು ಅಕ್ಕರೆಯಿಂದ ಕರೆಯುವ ನಾಡಿನಲ್ಲೂ ಒಬ್ಬನನ್ನು ಕರೆಯುವುದು ತಪ್ಪಿಹೋಗುತ್ತದೆ.

“ಇದ್ದಾಗ ನೋಡದವರು ಸತ್ತ ಮೇಲೆ ಎಡೆ ಇಟ್ಟರೇನು, ಬಿಟ್ಟರೇನು” ಎಂದು ನಮ್ಮ ಹೆಂಗಸರು ಸಾಮಾನ್ಯವಾಗಿ ಹೇಳುತ್ತೇವೆ. ನಾನೂ ಹೇಳಿದ್ದೇನೆ. ಈ ಮಾತಿನಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಇದನ್ನೇ ಹಿಡಿದುಕೊಂಡರೆ ಎಡೆಯೆಂಬುದು ಬರೀ ತೋರಿಕೆ ಎಂದಾಗುತ್ತದೆ. ನಾನು ಮೂವತ್ತು ವರ್ಷದಿಂದ ದಿನವೂ ಹಾಜರಿ ಕರೆಯುತ್ತಿದ್ದೇನೆ. ಮಗು ಬಂದಿದೆಯೆಂದು ಎದುರಿಗೇ ಕಾಣುತ್ತಿದ್ದರೂ ಹೆಸರು ಕರೆಯಲೇಬೇಕು. ಏಕೆ? ಕರೆಯುವ ಅಭ್ಯಾಸವಿದ್ದರೆ ಮಾತ್ರ, ಒಂದು ದಿನ ಉತ್ತರ ಬರದಿದ್ದಾಗ, “ಅವಳು ಯಾಕೆ ಬಂದಿಲ್ಲ, ಯಾರಾದರೂ ಮನೆಗೆ ಹೋಗಿ ನೋಡಿ ಬನ್ನಿ” ಎನ್ನಲು ಸಾಧ್ಯ. ಎಡೆ ಇಡುವುದು ಸತ್ತವರ ಹಾಜರಿ. ವರ್ಷಕ್ಕೊಮ್ಮೆಯಾದರೂ ಹೆಸರು ಹಿಡಿದು ಎಣಿಸುವ ಮನಸ್ಸು ಬದುಕಿರುವವರನ್ನೂ ಎಣಿಸಬೇಕು. ಎಣಿಸದಿದ್ದರೆ ತಪ್ಪು ಎಡೆಯದಲ್ಲ. ಎಲೆ ಹಾಕಿ, ಬಡಿಸಿ, ಎಣಿಸುವುದನ್ನು ಮರೆತ ನಮ್ಮದು. ಆ ಏಳು ವರ್ಷವೂ ನಾನು ಅಮ್ಮನ ಪಟಕ್ಕೆ ಹೂವು ತಪ್ಪಿಸಿರಲಿಲ್ಲ. ಅಮ್ಮನನ್ನು ಎತ್ತಿ ಆಡಿಸಿದ ಅಕ್ಕನನ್ನು ಮಾತ್ರ ಪಟ್ಟಿಯಿಂದ ಹೊಡೆದುಹಾಕಿದ್ದೆ.

ಆಮೇಲೆ ಒಂದು ವರ್ಷ ತಿಂಗಳಿಗೊಮ್ಮೆ ಹೊಳಲ್ಕೆರೆಗೆ ಹೋದೆ. ದೊಡ್ಡಮ್ಮ ತಮ್ಮ ಎಡೆಯ ಬಗ್ಗೆ ತಾವೇ ತಮಾಷೆ ಮಾಡುತ್ತಿದ್ದರು. “ನಂಗೆ ಪಾಯಸ ಗೀಯಸ ಇಡಬೇಡ, ಸಕ್ಕರೆ ಕಾಯ್ಲೆ ಐತಿ. ಮೆಣಸಿನಕಾಯಿ ಬೋಂಡ ಇಡು. ಬಿಸೀದು ಇಡು.” ಈ ನಗುವನ್ನು ಕೇಳಿದಾಗಲೆಲ್ಲ ಹೂವಿನ ಟೋಪಿಯ ಆ ಅಸ್ಥಿಪಂಜರ ನೆನಪಾಗುತ್ತಿತ್ತು.

2025ರ ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಅವರು ಹೋದರು. ನಿದ್ದೆಯಲ್ಲಿ. ಪಕ್ಕದ ಮನೆಯವರು ಬೆಳಿಗ್ಗೆಯೇ ಬಾಗಿಲು ತಟ್ಟಿ ನೋಡಿದರು; ಹಾಗೆ ಒಂದು ಏರ್ಪಾಟು ಮಾಡಿದ್ದೆ. ಅಸ್ಥಿಯನ್ನು ಹಿರಿಯೂರಿನ ವೇದಾವತಿಯಲ್ಲಿ ಬಿಡಬೇಕೆಂಬುದು ಅವರ ಆಸೆ. ಸಾಕುಮಗ ತಾನಾಗಿ “ಅಕ್ಕಾ, ನೀನೂ ಬಾ” ಎಂದ. ಅಮ್ಮ ಹೋದ ವರ್ಷ ಆ ಹೊಳೆಯಲ್ಲಿ ಮರಳು ಮಾತ್ರ ಇತ್ತು. ಈ ಸಲ ಮಾರಿಕಣಿವೆ ತುಂಬಿ ಕೋಡಿ ಬಿದ್ದು ನೀರು ಹರಿಯುತ್ತಿತ್ತು. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ, ಆಮೇಲೆ 2022ರಲ್ಲಿ ಕೋಡಿ ಬಿದ್ದಿತ್ತು; ಇದು ಮೂರನೆಯ ಸಲ. ಕುಡಿಕೆಯನ್ನು ನನ್ನ ಕೈಗೆ ಕೊಟ್ಟರು. ಒಂದು ಸೇರು ರಾಗಿಯಷ್ಟೂ ಭಾರವಿರಲಿಲ್ಲ. ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಬಿಚ್ಚಿ ನೋಡಬಹುದಾಗಿತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ.

ಬಿಚ್ಚಲಿಲ್ಲ. ಬಾಗಿಲು ತೆರೆದು ಕಣ್ಣು ಕಿರಿದು ಮಾಡಿದ ಆ ಮುಖ ನನಗೆ ಬೇಕಾಗಿತ್ತು. ಆದರೆ ಅದನ್ನು ಬೇಡವೆಂದದ್ದು ನಾನು. ನನ್ನ ಬದಲು ಬೇರೆಯವರಲ್ಲ. ನೋಡುವವಳಿಗೆ ನೋಡುವ ಹಕ್ಕಿರಲಿ, ನೋಡಲಾರದವಳಿಗೆ ಬಿಡುವ ಹಕ್ಕಿರಲಿ. ಹೆಣ್ಣುಮಕ್ಕಳ ಪರವಾಗಿ ನಾನು ಈ ವಿಷಯದಲ್ಲಿ ಕೇಳುವುದು ಇಷ್ಟೇ.

ಆ ವರ್ಷದ ಮಹಾಲಯ ಅಮಾವಾಸ್ಯೆಯ ದಿನ ಅಮ್ಮನ ಪಕ್ಕ ದೊಡ್ಡಮ್ಮನಿಗೂ ಎಡೆ ಇಟ್ಟೆ. ಬೋಂಡ ಬಿಸಿಯಾಗಿಯೇ ಇತ್ತು. ಅದರ ಪಕ್ಕ ಪುಟ್ಟ ಬಾಳೆಲೆಯ ತುದಿಯಲ್ಲಿ ಒಂದು ಚಮಚ ಹಾಲನ್ನ. ದೊಡ್ಡಮ್ಮ ಕೊನೆಗೆ ಒಂದು ದಿನ ನನಗೆ ಮಗುವಿನ ಹೆಸರು ಹೇಳಿದ್ದರು. ಆ ಹೆಸರನ್ನು ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು ಹೇಳಿದೆ.

ಒಂಬತ್ತನೆಯ ತರಗತಿಗೆ ಬಂದಿದ್ದ ಆ ಹುಡುಗಿಗೆ ಮರುದಿನ ಇದನ್ನೆಲ್ಲ ಹೇಳಿ, ಅವಳ ಚಿತ್ರವನ್ನು ಹಿಂದಿರುಗಿಸಿದೆ. ಹೆಸರಿದ್ದರೆ ಹೆದರಿಕೆ ಆಗುವುದಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಆ ಐದು ಜನಕ್ಕೆ ಎಡೆ ಯಾರು ಇಟ್ರು ಮಿಸ್?” ಎಂದಳು.

ತಿಥಿ ತಿಳಿಯದವರಿಗೂ ಸಲ್ಲಲಿ ಎಂದೇ ಆ ಅಮಾವಾಸ್ಯೆಯನ್ನು ನಮ್ಮ ಹಿರಿಯರು ಇಟ್ಟಿದ್ದಾರೆ. ಅದನ್ನು ಅವಳಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ. ಮುಂದಿನ ಸಲ ಒಂದು ಎಲೆ ಹೆಚ್ಚಿಗೆ ತರುತ್ತೇನೆ. ಅಷ್ಟರೊಳಗೆ ನನ್ನ ಬೀದಿಯಲ್ಲಿ ಎಷ್ಟು ಬಾಗಿಲುಗಳಿವೆ ಎಂದು ಎಣಿಸಿ, ತಟ್ಟಿ ನೋಡುವ ಕೆಲಸ ಬಾಕಿಯಿದೆ.